ಜೇಡ್ ಬುಡ್ಡಿಯ ಚಟ

ನಕ್ಷೆ ಕಚೇರಿಯ ನಕ್ಷೆಗಾರ ಮನೆಗೆ ಒಯ್ಯಲಾರದ ವಸ್ತುವೊಂದನ್ನು ಕೊಂಡಿದ್ದ. ಹೆಬ್ಬೆರಳಿಗಿಂತ ತುಸು ದೊಡ್ಡದಾದ, ಚೀನಾದ ಹಳೆಯ ನಶ್ಯದ ಬುಡ್ಡಿ. ಹಸಿರು ಜೇಡ್ ಕಲ್ಲಿನಲ್ಲಿ ಕೆತ್ತಿದ್ದು. ಒಂದು ಮಗ್ಗುಲಲ್ಲಿ ಕಮಲದೆಲೆಯಡಿ ಅಡಗಿದ ಮೀನು, ಮೇಲೆ ಹವಳದ ಮುಚ್ಚಳ. ಅಂಥವು ಮನೆಯ ಗಾಜಿನ ಕಪಾಟಿನಲ್ಲಿ ಆಗಲೇ ಕಿಕ್ಕಿರಿದಿದ್ದವು. "ಇನ್ನೊಂದು ಬಂದ್ರೆ ಒಂದೋ ಅದಿರ್ಬೇಕು, ಇಲ್ಲ ನಾನಿರ್ಬೇಕು" ಎಂದು ಹೆಂಡತಿ ಹೇಳಿಬಿಟ್ಟಿದ್ದಳು. ಹಾಗಾಗಿ ಅದು ಕಚೇರಿಯ ಡ್ರಾಯರಿನಲ್ಲಿ, ಪೆನ್ಸಿಲ್ ತುಂಡುಗಳ ನಡುವೆ, ತವರಿಗೆ ಬಂದ ಮಗಳಂತೆ ಹಾಯಾಗಿ ಮಲಗಿತ್ತು.

ಬೆಳಿಗ್ಗೆ ಆತ ಅದನ್ನು ಮೂಗಿನ ಹತ್ತಿರ ಹಿಡಿದು ಮೀನಿನ ಕಣ್ಣು ನೋಡುತ್ತಿದ್ದಾಗ ಹೆಡ್ ಕ್ಲರ್ಕ್ ಒಳಗೆ ಬಂದರು.

"ಏನಪ್ಪಾ, ನಶ್ಯಾನಾ?"

"ಇಲ್ಲ ಸಾರ್, ಬರೀ ಬುಡ್ಡಿ. ಒಳಗೇನೂ ಇಲ್ಲ."

ಎನ್ನುತ್ತಲೇ ಆತ ಸೀನಿದ. ಬುಡ್ಡಿಯೊಳಗಿನ ಹಳೇ ಧೂಳು.

"ಶುರುವಲ್ಲಿ ಎಲ್ಲರೂ ಹಾಗೇ ಹೇಳೋದು" ಎಂದು ಹೆಡ್ ಕ್ಲರ್ಕ್ ಮರುಕದಿಂದ ತಲೆಯಾಡಿಸಿದರು.

ಸುದ್ದಿ ಹರಡಲು ತಡವಾಗಲಿಲ್ಲ. ಟೈಪಿಸ್ಟ್ ಮೇಡಮ್ ಲವಂಗ ತಂದಿಟ್ಟು, "ಆಸೆಯಾದಾಗ ಇದನ್ನ ಜಗೀರಿ" ಎಂದರು. ಸಾಹೇಬರು ಕೋಣೆಗೆ ಕರೆಸಿ, "ಶಾಯಿ ಒಣಗೋ ಮುಂಚೆ ಸೀನಿಬಿಟ್ರೆ ನದಿ ಊರೊಳಗೆ ನುಗ್ಗುತ್ತೆ ಕಣ್ರೀ. ಸ್ವಲ್ಪ ದಿನ ಗುಡ್ಡಗಳನ್ನಷ್ಟೇ ಬರೀರಿ" ಎಂದರು. ಬುಡ್ಡಿ ಅಲ್ಲಿದ್ದರೆ ಯಾರಾದರೂ ಎಸೆದಾರೆಂದು ಹೆದರಿ ಆತ ಅದನ್ನು ಜೇಬಿಗಿಳಿಸಿ ಮನೆಗೆ ಬಂದ.

ಹೆಂಡತಿ ನೀರು ಕೊಟ್ಟು ಎದುರಿಗೆ ಕೂತಳು.

"ನಿಮ್ಮ ಹೆಡ್ ಕ್ಲರ್ಕ್ ಫೋನ್ ಮಾಡಿದ್ರು. ಕದ್ದು ನಶ್ಯ ಏರಿಸ್ತೀರಂತೆ. ಕೈಯಲ್ಲಿ ಬುಡ್ಡೀನೂ ಇತ್ತಂತೆ. ನಿಜಾನಾ?"

ಆತ ಲೋಟ ಕೆಳಗಿಟ್ಟ. ಹೊಸ ಬುಡ್ಡಿ ಕೊಂಡವನನ್ನು ಇವಳು ಕ್ಷಮಿಸುವುದಿಲ್ಲ. ಚಟಕ್ಕೆ ಬಿದ್ದವನ ಮೇಲಾದರೆ ಕನಿಕರ ಹುಟ್ಟೀತು ಎಂದು ಆತ ಲೆಕ್ಕ ಹಾಕಿದ.

"ನಿಜ ಕಣೇ. ಕಪಾಟಲ್ಲಿದ್ದದ್ದೇ ಒಂದನ್ನ ಒಯ್ದಿದ್ದೆ. ಅಭ್ಯಾಸ ಆಗೋಯ್ತು."

ಆಕೆ ಸಿಟ್ಟಾಗಲಿಲ್ಲ. ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು.

"ಒಪ್ಕೊಂಡ್ರಲ್ಲ, ಅಷ್ಟು ಸಾಕು. ಕಣ್ಣೆದುರಿಗಿದ್ರೆ ಚಟ ಬಿಡೋಕಾಗಲ್ಲ ಅಂತ ಅವರು ಹೇಳಿದ್ರು. ಅದಕ್ಕೇ ಕಪಾಟು ಖಾಲಿ ಮಾಡಿ ಎಲ್ಲಾ ಬುಡ್ಡೀನೂ ಮ್ಯೂಸಿಯಂನವರ ಕೈಗೆ ಕೊಟ್ಟೆ."

ಆತ ತಿರುಗಿ ನೋಡಿದ. ಗಾಜಿನ ಹಿಂದೆ ಮಡಚಿಟ್ಟ ಟವೆಲುಗಳು ಸಾಲಾಗಿ ಕೂತಿದ್ದವು.

"ಕೊಟ್ಟೇಬಿಟ್ಯಾ?"

"ಹಾಗೆ ಪೂರ್ತಿ ಕೊಟ್ಟಿರ್ಲಿಲ್ಲ. ಇದು ಸುಳ್ಳು ಸುದ್ದಿಯಾದ್ರೆ ನಾಳೆ ವಾಪಸ್ ತಗೋತೀನಿ ಅಂದಿದ್ದೆ. ಈಗ ಇಟ್ಕೊಳ್ಳಿ ಅಂತ ಹೇಳಿಬಿಡ್ತೀನಿ." ಆಕೆ ಅವನ ಉಬ್ಬಿದ ಜೇಬು ನೋಡಿ ಅಂಗೈ ಚಾಚಿದಳು. "ಜೇಬಲ್ಲಿರೋದನ್ನೂ ಕೊಡಿ."

ಆತ ಕೊಟ್ಟ. ಆಕೆ ಫೋನಿನ ಕಡೆ ನಡೆದಳು.