ಕುಂಡ ಇಳಿಸಿದ ದಿನ

"ನಾಳೆ ಟೆರೇಸಿಗೆ ಬಣ್ಣ ಬಳಿಯೋರು ಬರ್ತಾರೆ, ಹೂಕುಂಡಗಳನ್ನೆಲ್ಲ ಒಳಗಿಟ್ಟುಬಿಡಿ," ಎಂದು ಹೇಳಿ ಹೆಂಡತಿ ತವರಿಗೆ ಹೊರಟಳು. ಎಲ್ಲ ಅನರ್ಥಕ್ಕೂ ಅದೇ ಮೂಲ.

ಗಂಡ ಹವಾಮಾನ ಕಚೇರಿಯ ಸಂಶೋಧಕ. ಬೀದಿಯವರ ಬಾಯಲ್ಲಿ 'ಚಂಡಮಾರುತದವರು'. ಆದರೆ ಮನುಷ್ಯ ಫ್ಯಾನಿನ ಗಾಳಿಗೂ ನೆಗಡಿ ಹಿಡಿಸಿಕೊಳ್ಳುವ ಸಾಧುಪ್ರಾಣಿ. ಚಂಡಮಾರುತದ ಎಚ್ಚರಿಕೆ ಕೊಟ್ಟರೂ ಜನ ಯಾಕೆ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂಬುದು ಅವನ ಅಧ್ಯಯನ. ಮನೆಮನೆ ಅಲೆದು ಚಪ್ಪಲಿ ಸವೆಯಿತೇ ಹೊರತು ಉತ್ತರ ಸಿಗಲಿಲ್ಲ. ಈ ತಿಂಗಳೊಳಗೆ ಏನಾದರೂ ಹೇಳದಿದ್ದರೆ ಕೆಲಸ ಬೇರೆಯವರಿಗೆ ಎಂದು ನಿರ್ದೇಶಕಿ ಖಡಾಖಂಡಿತವಾಗಿ ಹೇಳಿದ್ದರು.

ಬೆನ್ನು ಹಿಡಿದುಕೊಂಡು ಅವನು ಕುಂಡ ಇಳಿಸುತ್ತಿದ್ದುದು ಎದುರುಮನೆಯ ದರ್ಜಿಯ ಕಣ್ಣಿಗೆ ಬಿತ್ತು.

"ಏನ್ ಸಾರ್, ಕುಂಡ ಎಲ್ಲ ಒಳಗೆ ಹೋಗ್ತಿದೆ?"

"ಬಣ್ಣ ಬಳೀತಾರೆ."

"ಆಯ್ತು ಬಿಡಿ, ಬಾಯಿ ಬಿಡೋ ಹಾಗಿಲ್ಲ ಅಂತ ಕಾಣುತ್ತೆ," ಎಂದವನೇ ದರ್ಜಿ ಜಗುಲಿಯ ಹೊಲಿಗೆ ಯಂತ್ರವನ್ನು ಒಳಗೆಳೆದುಕೊಂಡ.

ಅದನ್ನು ಕಂಡು ಪಕ್ಕದ ಮನೆಯ ಅಜ್ಜಿ ಒಣಹಾಕಿದ ಬಟ್ಟೆ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಅಂಗಡಿಯಲ್ಲಿ ಮೇಣದಬತ್ತಿ ಖಾಲಿ. ಅರ್ಧ ಬೀದಿ ಹಾಸಿಗೆ ಸುತ್ತಿಕೊಂಡು ದಿಬ್ಬದ ಮೇಲಿನ ಶಾಲೆಗೆ ಹೊರಟಿತ್ತು.

"ಆಕಾಶ ನೋಡಿ ಅಜ್ಜಿ, ಒಂದು ಮೋಡ ಇಲ್ಲ," ಎಂದು ಅವನು ಗೋಗರೆದ.

"ಅದಕ್ಕೇ ಭಯ ಕಣಪ್ಪ. ನಿನಗೆ ಸುಳ್ಳು ಹೇಳೋಕೆ ಬರಲ್ಲ, ಪಾಪ, ಮುಖ ಬೆವರ್ತಿದೆ."

ಸುದ್ದಿ ಕಚೇರಿಗೂ ಮುಟ್ಟಿ ನಿರ್ದೇಶಕಿಯೇ ಜೀಪಿನಲ್ಲಿ ಬಂದಿಳಿದರು. ಕೆಲಸ ಹೋಯಿತೆಂದೇ ತಿಳಿದು ಅವನು ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದ. ಅವರು ತುಂಬಿದ ಶಾಲೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದರು.

"ಹೋದ ಸಲ ನಿಜವಾದ ಗಾಳಿ ಬಂದಾಗ ಮೈಕಲ್ಲಿ ಕೂಗಿ ಕೂಗಿ ನನ್ನ ಗಂಟಲೇ ಬಿದ್ದುಹೋಯ್ತು. ಒಬ್ಬರೂ ಎದ್ದಿರಲಿಲ್ಲ. ಇವರು ನಮ್ಮ ಮಾತು ಕೇಳೋದಿಲ್ಲ ಕಣ್ರೀ, ನಮ್ಮ ಮನೆ ಕುಂಡ ನೋಡ್ತಾರೆ. ನಿಮ್ಮ ಉತ್ತರ ಸಿಕ್ತಲ್ಲ."

ಹೋದ ಜೀವ ಬಂದಂತಾಗಿ ಅವನ ಕಣ್ಣು ತುಂಬಿತು.

"ಆದ್ರೆ ಒಂದು ಬೀದಿ ಸಾಲದು," ಎಂದರು ನಿರ್ದೇಶಕಿ. "ಮುಂದಿನ ವಾರದಿಂದ ಪ್ರತಿ ಬೀದೀಲೂ ಅಣಕು ಕಾರ್ಯಾಚರಣೆ. ಕುಂಡ ಕಚೇರೀದು, ಬೆನ್ನು ನಿಮ್ಮದು."

ಕುಂಟುತ್ತ ಮನೆ ಸೇರುವಷ್ಟರಲ್ಲಿ ಹೆಂಡತಿಯ ಫೋನು ಬಂತು.

"ಏನೋ ಚಂಡಮಾರುತ ಬರುತ್ತಂತೆ, ಬಣ್ಣದವರು ನಾಳೆ ಬರಲ್ವಂತೆ. ಬಿಸಿಲಿಲ್ಲದೆ ಗಿಡ ಬಾಡುತ್ತೆ, ಕುಂಡಗಳನ್ನ ಮತ್ತೆ ಮೇಲಿಟ್ಟುಬಿಡಿ."