ಬರೆಯುವ ಮೊದಲೇ ‘ಬರೆದಾಯಿತು’ ಎನ್ನುವ ಸ್ಟೋರೇಜ್ ಪೆಟ್ಟಿಗೆಯವರಿಗೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಹದಿನೆಂಟು ಡಿಗ್ರಿ ತಂಪಿನಲ್ಲಿ, ಒಂದು ಸೀನೂ ಸೀನದೆ ದುಡಿಯುತ್ತಿರುವ ಮಾನ್ಯರೇ,

ತಮ್ಮೆದುರು ಸ್ವೆಟರ್ ತೊಟ್ಟು ಆರು ವರ್ಷ ನಡುಗಿರುವ ಕಂಪ್ಯೂಟರ್ ವಿಭಾಗದ ಸೇವಕನ ನಮಸ್ಕಾರಗಳು. ತಾವು ಕ್ಷೇಮವೆಂದು ತಮ್ಮ ಹಸಿರು ದೀಪದಿಂದ ತಿಳಿದೆ. ಆ ದೀಪದ ಬಗ್ಗೆಯೇ ಈ ಪತ್ರ.

ಸರ್ವರ್‌ಗಳು ಏನೇ ಕಳಿಸಲಿ, ಅದನ್ನು ಕ್ಯಾಶೆ ಎಂಬ ತಮ್ಮ ಚುರುಕು ಮೆಮೊರಿಯಲ್ಲಿ ಇಟ್ಟುಕೊಂಡು, ತಕ್ಷಣ ‘ಬರೆದಾಯಿತು’ ಎಂದು ದೀಪ ಹೊತ್ತಿಸಿ, ಡಿಸ್ಕಿಗೆ ಮಾತ್ರ ಪುರುಸೊತ್ತಾದಾಗ ಬರೆಯುವ ತಮ್ಮ ಜಾಣತನಕ್ಕೆ ತಲೆದೂಗದವರಿಲ್ಲ. ನಮ್ಮ ಭಾವನೂ ಹೀಗೆಯೇ, ಅಕ್ಕ ಏನು ಹೇಳಿದರೂ ‘ಆಯ್ತು’ ಎಂದು ಮಗ್ಗುಲು ಬದಲಿಸುತ್ತಾರೆ. ಆದರೆ ಅವರನ್ನು ಯಾರೂ ನಂಬುವುದಿಲ್ಲ, ತಮ್ಮನ್ನು ನಂಬುತ್ತೇವೆ.

ಕಳೆದ ಮಂಗಳವಾರ ಬೆಳಿಗ್ಗೆ ಹಳೆಯ ಸರ್ವರ್ ಒಂದಕ್ಕೆ ನಿವೃತ್ತಿ ಕೊಡಲು, ಅದಕ್ಕೂ ಅದಕ್ಕೆಂದು ತಮ್ಮೊಳಗೆ ಮೀಸಲಿಟ್ಟ ವಾಲ್ಯೂಮ್ ಎಂಬ ಜಾಗಕ್ಕೂ ಇದ್ದ ಜೋಡಣೆಯನ್ನು ತೆಗೆಯುತ್ತಿದ್ದೆ. ಸಾಫ್ಟ್‌ವೇರ್ ನಿಲ್ಲಿಸು, ಸರ್ವರ್‌ನಿಂದ ವಾಲ್ಯೂಮ್ ಬಿಡಿಸು, ಕ್ಯಾಶೆಯಲ್ಲಿ ಬರೆಯದೆ ಉಳಿದದ್ದು ಸೊನ್ನೆಯಾಗುವವರೆಗೆ ಕಾಯಿ, ಆಮೇಲೆ ಜೋಡಣೆ ತೆಗಿ ಎಂದು ನಮ್ಮ ಮೇಲಧಿಕಾರಿ ಮೇಡಂ ತಮ್ಮ ಪೆಟ್ಟಿಗೆಯ ಬಾಗಿಲಿಗೇ ಚೀಟಿ ಅಂಟಿಸಿದ್ದಾರೆ. ಮೊದಲಿನ ಎರಡನ್ನು ಮಾಡಿದೆ. ಮೂರನೆಯದನ್ನು ಹಾರಿಸಿ ಜೋಡಣೆ ತೆಗಿ ಎಂದಾಗ ತಾವು ‘ಖಚಿತವೇ?’ ಎಂದಿರಿ. ಪರದೆಯ ಬೆಳಕು ತಗ್ಗಿಸಿದರೂ ಖಚಿತವೇ, ಗಡಿಯಾರ ಸರಿಪಡಿಸಿದರೂ ಖಚಿತವೇ ಎಂದು ಬೆಳಿಗ್ಗೆಯಿಂದ ಹದಿನಾಲ್ಕು ಸಲ ಕೇಳಿದ್ದ ತಮಗೆ ಹದಿನೈದನೆಯ ‘ಹೌದು’ ಒತ್ತಿದ್ದು ನಾನಲ್ಲ, ನನ್ನ ಬೆರಳು. ಡಿಸ್ಕಿಗೆ ಇನ್ನೂ ಬರೆದಿಲ್ಲ ಎಂದು ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ತಾವು ತಿಳಿಸಿದ್ದಿರಂತೆ. ಬರೆಯದ್ದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡೇ ವಾಲ್ಯೂಮನ್ನು ಮಲಗಿಸಿಬಿಟ್ಟಿರಿ.

ಅದರಲ್ಲಿ ಇದ್ದದ್ದು ಒಬ್ಬ ನಿವೃತ್ತ ಬಸ್ ಕಂಡಕ್ಟರರ ದನಿ. ಗಂಟಲಿನ ಕಾಯಿಲೆಗೆ ಅಂದೇ ಅವರ ಧ್ವನಿಪೆಟ್ಟಿಗೆಯನ್ನು ತೆಗೆಯುವುದಿತ್ತು, ಅದಕ್ಕೆ ಮುಂಚೆ ಅವರ ಮಗಳು ಪಕ್ಕದಲ್ಲಿ ಕೂತು ನಲವತ್ತು ವಾಕ್ಯ ಹೇಳಿಸಿ ನಮ್ಮಲ್ಲಿ ರೆಕಾರ್ಡ್ ಮಾಡಿಸಿದ್ದರು. ಮಧ್ಯಾಹ್ನ ಆಕೆ ಪೆನ್‌ಡ್ರೈವ್ ಹಿಡಿದು ಪ್ರತಿ ಕೇಳಲು ಬಂದಾಗ ಶಸ್ತ್ರಚಿಕಿತ್ಸೆ ಮುಗಿದಿತ್ತು, ಫೈಲ್ ಎಲ್ಲೂ ಇರಲಿಲ್ಲ. ಇನ್ನೊಮ್ಮೆ ಹೇಳಿಸೋಣವೆಂದರೆ ಯಾವ ಗಂಟಲಿನಿಂದ? ಓಡಿಹೋಗಿ ಮೇಡಂಗೆ ಹೇಳಿದೆ.

ಮೇಡಂ ಬಂದು ನನ್ನ ಚಳಿ ಬಿಡಿಸಿದರು. ಆಮೇಲೆ ಜೋಡಣೆಯನ್ನು ಮರಳಿ ಕೊಟ್ಟು, ವಾಲ್ಯೂಮನ್ನು ಎಬ್ಬಿಸಿ, ಉಳಿದದ್ದು ಸೊನ್ನೆಯಾಗಲೆಂದು ಕೂತರು. ಹನ್ನೊಂದು ನಿಮಿಷ ಬೇಕಾಯಿತು. ಫೈಲ್ ತೆರೆದಾಗ ಒರಟು ದನಿಯೊಂದು “ಪುಟ್ಟಿ, ಊಟ ಆಯ್ತಾ?” ಎಂದಿತು. ಮಗಳು ಅಲ್ಲೇ ನೆಲದ ಮೇಲೆ ಕೂತು ಅತ್ತರು. ನಾನೂ ಅತ್ತೆ, ಮುಚ್ಚಿಡುವುದೇನಿದೆ.

ತಮ್ಮೊಳಗಿನ ಬ್ಯಾಟರಿಯ ಬಲದಲ್ಲಿ ಆ ದನಿಯನ್ನು ಕ್ಯಾಶೆಯಲ್ಲೇ ಕಾಪಾಡಿದ ತಮಗೆ ಋಣಿ. ವಿನಂತಿ ಇಷ್ಟೇ: ಇನ್ನು ಮೇಲೆ ನಿಜವಾಗಿಯೂ ಕೇಳಬೇಕಾದಾಗ ದಯವಿಟ್ಟು ಕೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಳ್ಳಿ, ಅಥವಾ ಸಿಟ್ಟು ಬಂದಾಗ ನಮ್ಮಮ್ಮ ಕರೆಯುವಂತೆ ನನ್ನ ಪೂರ್ತಿ ಹೆಸರು ಹಿಡಿದು ಕೂಗಿ. ಪರದೆಯ ಬೆಳಕಿನ ವಿಷಯದಲ್ಲಿ ತಮ್ಮ ಮನಸ್ಸಿಗೆ ಬಂದಂತೆ ಮಾಡಿಕೊಳ್ಳಿ, ನನ್ನ ತಕರಾರಿಲ್ಲ.

ಮೂರನೆಯ ದಿನ ಕಂಡಕ್ಟರರ ಹಾಸಿಗೆಯ ಬಳಿ ಹೋಗಿ ನಡೆದದ್ದೆಲ್ಲವನ್ನೂ ಒಪ್ಪಿಕೊಂಡೆ. ಅವರು ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡು, ಸ್ಲೇಟಿನ ಮೇಲೆ ಬರೆದು ತೋರಿಸಿದರು: “ಎಲ್ಲರೂ ಇಳಿದರಾ ಅಂತ ನೋಡದೆ ರೈಟ್ ಹೇಳಬಾರದು, ತಮ್ಮಾ.”

ಇಳಿದವರನ್ನು ಎಣಿಸಲು ಈಗಷ್ಟೇ ಕಲಿತಿರುವ,
ತಮ್ಮ ವಿಶ್ವಾಸಿ,
ಸ್ವೆಟರಿನವನು

ತಾ.ಕ.: ಈ ಪತ್ರವನ್ನು ಉಳಿಸಿದಾಗಲೂ ತಾವು ಕ್ಷಣಾರ್ಧದಲ್ಲಿ ‘ಬರೆದಾಯಿತು’ ಎಂದಿರಿ. ಸಂತೋಷ. ಒಂದು ಪ್ರತಿಯನ್ನು ಕಾಗದದ ಮೇಲೆ ಮುದ್ರಿಸಿ ತಮ್ಮ ಬಾಗಿಲಿಗೇ ಅಂಟಿಸಿದ್ದೇನೆ.