ಬೌಲಿಂಗ್ ಬಂದರೆ ಬಾಡಿಗೆಗೆ ಮನೆ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಿಕೊಂಡು ಹೋದವರನ್ನು ಓನರುಗಳು ಏನೇನೋ ಕೇಳುತ್ತಾರೆ. ವೆಜ್ಜೋ ನಾನ್‌ವೆಜ್ಜೋ, ಮನೇಲಿ ಎಷ್ಟು ಜನ, ನಾಯಿ ಇದೆಯೋ. ನನ್ನ ಸೋದರಮಾವ ಕೇಳುವುದು ಒಂದೇ: "ಬೌಲಿಂಗ್ ಯಾವ ಕೈ?" ಇಂಥ ಇನ್ನೊಬ್ಬರು ಎಲ್ಲಾದರೂ ಇದ್ದರೆ ದಯವಿಟ್ಟು ನಮಗೆ ತೋರಿಸಬೇಡಿ. ಒಬ್ಬರನ್ನು ಸಂಭಾಳಿಸಿಯೇ ನಮಗೆ ಸಾಕಾಗಿದೆ!

ಸುಬ್ರಹ್ಮಣ್ಯಪುರ ಹಳ್ಳಿಯಾಗಿದ್ದ ಕಾಲದಿಂದಲೂ ಮಾವ ಊರಿನ ಕ್ರಿಕೆಟ್ ಟೀಮಿನ ಕ್ಯಾಪ್ಟನ್. ರಾಗಿ ಹೊಲ ಹೋಗಿ ಅಲ್ಲಿ ಅವರದೇ ನಾಲ್ಕು ಮಹಡಿ ಎದ್ದಿತು, ಕ್ಯಾಪ್ಟನ್ ಮಾತ್ರ ಬದಲಾಗಲಿಲ್ಲ. ಇಳಿಸುವವರಾದರೂ ಯಾರು? ಹಳೇ ಆಟಗಾರರಿಗೆಲ್ಲ ಮಂಡಿ ನೋವು. ಅವರ ಮಕ್ಕಳಿಗೆ ಭಾನುವಾರ ಹತ್ತು ಗಂಟೆಯಾದರೂ ಬೆಳಗಾಗುವುದಿಲ್ಲ. ಟೀಮು ಮುಚ್ಚಿಹೋಗಬಾರದಲ್ಲ, ಅದಕ್ಕೇ ಮಾವ ಬಾಡಿಗೆಗೆ ಬಂದವರನ್ನೇ ಟೀಮು ಮಾಡಿಬಿಟ್ಟರು. ಫಾಸ್ಟ್ ಬೌಲರುಗಳಿಗೆ ಕಡ್ಡಾಯವಾಗಿ ನಾಲ್ಕನೇ ಮಹಡಿ. ಮೆಟ್ಟಿಲು ಹತ್ತಿದರೆ ಕಾಲಿಗೆ ಬಲ ಬರುತ್ತದಂತೆ. ಲಿಫ್ಟ್ ಯಾಕಿಲ್ಲ ಅಂದವರಿಗೆಲ್ಲ ಇದೇ ಉತ್ತರ.

ಒಮ್ಮೆ ಬ್ಯಾಂಕಿನವರೊಬ್ಬರು ಹೆಂಡತಿಯ ಜೊತೆ ಮನೆ ನೋಡಲು ಬಂದರು. ಮಾವ ಅವರನ್ನು ನೇರ ತಾರಸಿಗೆ ಕರೆದೊಯ್ದು, ಅಡುಗೆಮನೆಯ ನಿಂಬೆಹಣ್ಣು ಕೈಗಿಟ್ಟು, ಬಕೆಟ್ಟನ್ನು ಸ್ಟಂಪಿನ ಹಾಗೆ ನಿಲ್ಲಿಸಿದರು. ಪಾಪ, ಆ ಮನುಷ್ಯ ಹಾಕಿದ ನಿಂಬೆಹಣ್ಣು ಪಕ್ಕದ ಮನೆಯ ಸಂಡಿಗೆಯ ಮೇಲೆ ಬಿತ್ತು.

"ಬೇರೆ ಕಡೆ ನೋಡ್ಕೊಳಿ ಸಾರ್," ಅಂದರು ಮಾವ.

"ರೀ, ಒಳ್ಳೆ ಜನ ಕಣ್ರೀ," ಎಂದು ಅತ್ತೆ ಪಿಸುಗುಟ್ಟಿದರು.

"ಒಳ್ಳೆ ಜನಾನೇ. ಲೈನು, ಲೆಂತು ಇಲ್ವಲ್ಲ."

ಅಷ್ಟರಲ್ಲಿ ಬ್ಯಾಂಕಿನವರ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಇನ್ನೊಂದು ನಿಂಬೆಹಣ್ಣು ಎತ್ತಿಕೊಂಡರು. ಬಕೆಟ್ಟು ಉರುಳಿತು. "ಕೀ ತಗೊಳಮ್ಮ," ಅಂದರು ಮಾವ. ಈಗ ಪ್ರತಿ ಭಾನುವಾರ ಆಕೆ ಆಫ್‌ಸ್ಪಿನ್ ಹಾಕುತ್ತಾರೆ, ಯಜಮಾನರು ಫ್ಲಾಸ್ಕಿನಲ್ಲಿ ಟೀ ತರುತ್ತಾರೆ.

ನೆಲಮಹಡಿಯಲ್ಲಿರುವುದು ನಮ್ಮ ವಿಕೆಟ್ ಕೀಪರ್. ಆಟೋ ಓಡಿಸುತ್ತಾನೆ. ಹೋದ ವರ್ಷ ಕ್ಯಾಚಿಗೆ ಹಾರಿ ಮಂಡಿ ಮುರಿದುಕೊಂಡ. ಆಟೋ ಓಡಿಸಬಹುದು, ಕುಕ್ಕರುಗಾಲಲ್ಲಿ ಕೂರುವುದನ್ನು ಮಾತ್ರ ಇನ್ನು ಮರೆತುಬಿಡು ಅಂದರು ಡಾಕ್ಟರು. ಅತ್ತೆ ಕಳಿಸಿದ ಸಾರು ಕೊಡಲು ನಾನು ಹೋದಾಗ ಗಂಡಹೆಂಡತಿ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಓಡಿಹೋಗಿ ಮಾವನಿಗೆ ಹೇಳಿದೆ. ಅವರು ಕುಡಿಯುತ್ತಿದ್ದ ಕಾಫಿ ಬಿಟ್ಟು ಇಳಿದು ಬಂದರು.

"ಏನಪ್ಪಾ ಇದೆಲ್ಲಾ?"

"ಗ್ಲೌಸ್ ನೋಡಿ ಕೊಟ್ಟ ಮನೆ ಅಲ್ವಾ ಕ್ಯಾಪ್ಟನ್," ಅಂದ ಅವನು, ತಲೆ ಎತ್ತದೆ. "ಹೊಸ ಕೀಪರ್ ಬಂದ್ರೆ ಅವ್ನಿಗೆ ಮನೆ ಬೇಕಲ್ಲ. ನೀವಾಗೇ ಹೇಳೋಕ್ಮುಂಚೆ ನಾವೇ ಹೋಗ್ತೀವಿ."

ಮಾವ ನೆಲದ ಮೇಲೆ ಕೂತು ಚೀಲದಿಂದ ಒಂದೊಂದೇ ಪಾತ್ರೆ ತೆಗೆದು ಗೂಡಿನಲ್ಲಿ ಜೋಡಿಸತೊಡಗಿದರು. ಎಲ್ಲ ತಪ್ಪು ತಪ್ಪು ಜಾಗಕ್ಕೆ. ಅವನ ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಹಿಂದಿನಿಂದ ಸರಿಮಾಡುತ್ತ ಬಂದಳು.

ಆ ಭಾನುವಾರ ಗಿರಿನಗರದವರ ಮೇಲೆ ಮ್ಯಾಚು. ಬಗ್ಗಲಾಗದ ಮಾವ ತಾವೇ ಗ್ಲೌಸ್ ತೊಟ್ಟು ಕಂಬದ ಹಾಗೆ ನಿಂತರು. ಬೌಂಡರಿ ಗೆರೆಯ ಒಳಗಡೆ ಒಂದು ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಪಟ್ಟಿ ಕಟ್ಟಿದ ಕಾಲು ನೀಡಿಕೊಂಡು ನಮ್ಮ ಆಟೋದವನು.

"ಏನ್ ಗುರು, ಹತ್ತೇ ಜನ ಆಡ್ತಿದ್ದೀರಾ?" ಅಂದ ಎದುರಿನ ಕ್ಯಾಪ್ಟನ್. "ಆ ಕುರ್ಚಿ ಗೆರೆಯಿಂದಾಚೆ ಹಾಕ್ಸು."

"ಹನ್ನೊಂದ್ ಜನ ಇದ್ದೀವಿ, ಸರಿಯಾಗ್ ಎಣಿಸ್ಕೋ," ಅಂದರು ಮಾವ. "ಫೀಲ್ಡರ್ ಗೆರೆ ಒಳಗೇ ಇರ್ಬೇಕು."

ಅದು ಕೇಳಿಸಿತೇನೋ, ಕುರ್ಚಿಯಲ್ಲಿದ್ದವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಚೆಂಡು ಅವನ ಕುರ್ಚಿಯ ಪಕ್ಕದಲ್ಲೇ ಉರುಳಿ ಬೌಂಡರಿ ದಾಟಿತು. ಒಂದು ರನ್ ಬಿಟ್ಟರೂ ಮನೆತನವನ್ನೆಲ್ಲ ಎಳೆದು ಬೈಯುವ ಮಾವ ಅಲ್ಲಿಂದಲೇ ಕೂಗಿದರು: "ಇರ್ಲಿ ಬಿಡೋ ಮಗಾ, ಮುಂದಿನ್ದು ಹಿಡಿ."